ಓದುಗರ ಪ್ರಶ್ನೆ: ವಿಶ್ವವಿದ್ಯಾಲಯದ ಸಿಬ್ಬಂದಿಗೆ ಬಿಪಿ, ಶುಗರ್ ತಪಾಸಣೆ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರತಿ ವರ್ಷ ಸಿಬ್ಬಂದಿಗೆ ಆರೋಗ್ಯ ಶಿಬಿರ ನಡೆಯುತ್ತದೆ. ಮರುವರ್ಷ ನೋಡಿದರೆ ಅದೇ ಜನ, ಅದೇ ಬಿಪಿ, ಅದೇ ಶುಗರ್. ಈ ಸಲ ಹೊಣೆ ನನ್ನದು. ಏನು ಬದಲಿಸಲಿ?
– ಅಧೀಕ್ಷಕಿ, ಆಡಳಿತ ವಿಭಾಗ

ಉತ್ತರ: ಶಿಬಿರಕ್ಕೆ ಮೊದಲು ಒಂದು ಹಾಳೆ, ಶಿಬಿರದ ನಂತರ ಒಂದು ರಿಜಿಸ್ಟರ್ ಸೇರಿಸಿ.

ಹಾಳೆಯಲ್ಲಿ, ಚೆನ್ನೈನ ಮಧುಮೇಹ ಸಂಶೋಧಕರು 2005ರಲ್ಲಿ ಭಾರತೀಯರಿಗೆಂದೇ ರೂಪಿಸಿದ, ಮಧುಮೇಹದ ಅಪಾಯ ಅಳೆಯುವ ಅಂಕಪಟ್ಟಿ ಇರಲಿ. ವಯಸ್ಸು 35ರಿಂದ 49 ಇದ್ದರೆ 20 ಅಂಕ, 50 ತುಂಬಿದ್ದರೆ 30. ಸೊಂಟದ ಸುತ್ತಳತೆ ಗಂಡಸರಿಗೆ 90ರಿಂದ 99 ಸೆಂ.ಮೀ., ಹೆಂಗಸರಿಗೆ 80ರಿಂದ 89 ಇದ್ದರೆ 10, ಅದಕ್ಕೂ ಮೇಲಿದ್ದರೆ 20. ವ್ಯಾಯಾಮವೂ ಇಲ್ಲ, ಮೈ ದಣಿಯುವ ಕೆಲಸವೂ ಇಲ್ಲ ಎಂದರೆ 30. ಎರಡರಲ್ಲಿ ಒಂದಿದ್ದರೆ 20. ತಂದೆ ತಾಯಿಯರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಮುಟ್ಟಿದರೆ ಅಪಾಯ ಹೆಚ್ಚು. ದಿನವಿಡೀ ಕಡತದ ಮುಂದೆ ಕೂರುವ, ವ್ಯಾಯಾಮವಿಲ್ಲದ, 94 ಸೆಂ.ಮೀ. ಸೊಂಟದ 52ರ ಗುಮಾಸ್ತರೊಬ್ಬರ ತಾಯಿಗೆ ಶುಗರ್ ಇತ್ತೆನ್ನಿ: ಅವರ ಅಂಕ 80. ರಕ್ತ ತೆಗೆಯುವ ಮುಂಚೆಯೇ ಇಷ್ಟು ತಿಳಿಯಿತು. ಟೇಪನ್ನು ಬೆಲ್ಟಿನ ಜಾಗದಲ್ಲಿ ಹಿಡಿಯಬೇಡಿ. ಹೊಟ್ಟೆ ಬಂದವರ ಬೆಲ್ಟು ಕೆಳಗೆ ಜಾರಿರುತ್ತದೆ, ಅಳತೆ ಕಡಿಮೆ ಬರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ.

60 ಮುಟ್ಟಿದವರಿಗೆ, 8 ಗಂಟೆ ಏನೂ ತಿನ್ನದೆ, ರಕ್ತಪರೀಕ್ಷೆ. ದಾರಿಯಲ್ಲಿ ಒಂದು ಲೋಟ ಚಹಾ ಕುಡಿದರೂ ಲೆಕ್ಕ ಕೆಡುತ್ತದೆ; ಆದ್ದರಿಂದ ಬೆಳಗ್ಗೆ ಬೇಗ ಮುಗಿಸಿ ಅಲ್ಲೇ ಇಡ್ಲಿ ಕೊಡಿ. ಸಕ್ಕರೆ ಪ್ರತಿ ಡೆಸಿಲೀಟರ್‌ಗೆ 100ರಿಂದ 125 ಮಿ.ಗ್ರಾಂ. ಬಂದರೆ ಮಧುಮೇಹದ ಹೊಸ್ತಿಲು. 126 ಅಥವಾ ಮೇಲೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿ ಖಚಿತಪಡಿಸಬೇಕು.

ಈಗ ರಿಜಿಸ್ಟರ್. ಆರೋಗ್ಯ ಕೇಂದ್ರದ ನರ್ಸ್ ಒಬ್ಬರ ಕೈಯಲ್ಲಿ ಹೆಸರು, ಫೋನ್, ಮುಂದಿನ ತಾರೀಕು ಇರಲಿ. 126 ಮುಟ್ಟಿದವರೂ ಬಿಪಿ 140/90 ಮುಟ್ಟಿದವರೂ ಎರಡು ವಾರದೊಳಗೆ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ಗೆ ಹೋದರೇ ಎಂದು ಅವರು ಕೇಳಬೇಕು. 180/110 ಬಂದವರನ್ನು ಅದೇ ದಿನ ವೈದ್ಯರಿಗೆ ತೋರಿಸಿ. ಹೊಸ್ತಿಲಲ್ಲಿರುವವರನ್ನು ಮಾತ್ರ ಬಿಡಲೇಬೇಡಿ. ಚೆನ್ನೈನಲ್ಲಿ ಸಂಸ್ಥೆಗಳ ನೌಕರರು ಮತ್ತು ಅವರ ಮನೆಯವರ ನಡುವೆ ಇಂಥ 531 ಜನರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಮೂಲಿ ಸಲಹೆ ಪಡೆದವರಲ್ಲಿ ಮೂರು ವರ್ಷಕ್ಕೆ ಶೇ. 55 ಮಂದಿಗೆ ಮಧುಮೇಹ ಬಂತು. ನಡಿಗೆ, ಊಟದ ಬದಲಾವಣೆ ಪಾಲಿಸಿದ ಗುಂಪಿನಲ್ಲಿ ಶೇ. 39. ಈ ಗುಂಪಿನವರಿಗೆ ತಿಂಗಳಿಗೊಂದು ಫೋನ್, ಆರು ತಿಂಗಳಿಗೊಂದು ಮುಖಾಮುಖಿ ಮಾತು ಇತ್ತು. ನಿಮ್ಮ ಶಿಬಿರದಲ್ಲಿ ಇಲ್ಲದ್ದು ಆ ಫೋನು.

ಫಲಿತಾಂಶ ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗಕೂಡದು, ಮುಚ್ಚಿದ ಲಕೋಟೆಯಲ್ಲಿ ಅವರವರ ಕೈಗೇ ಕೊಡಿ. ಕಾಯಿಲೆ ಗೊತ್ತಾದರೆ ಕೆಲಸ ಹೋದೀತು ಎಂದು ಗುತ್ತಿಗೆ ನೌಕರರು ಹೆದರುತ್ತಾರೆ. ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರಿಗೆ ಅವರ ಪಾಳಿಯಲ್ಲೇ, ಸಂಬಳ ಕಡಿತವಿಲ್ಲದೆ ತಪಾಸಣೆ ಆಗಬೇಕು.

ಪ್ರಶ್ನೆ: ಶಿಬಿರದಲ್ಲಿ ನನ್ನ ಬಿಪಿ 152/94, ಮನೆಯಲ್ಲಿ 130/82. ಯಾವುದನ್ನು ನಂಬಲಿ?
– ಗ್ರಂಥಾಲಯ ಸಹಾಯಕ

ಉತ್ತರ: ಮೆಟ್ಟಿಲು ಹತ್ತಿ ಬಂದು, ಸಾಲಿನಲ್ಲಿ ನಿಂತು, ಮಾತಾಡುತ್ತಲೇ ಕೈ ಚಾಚಿದ್ದರೆ ಹೆಚ್ಚು ಬರುವುದು ಸಹಜ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಹಾಗೆಯೇ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು 5 ನಿಮಿಷ ಸುಮ್ಮನೆ ಕೂತಿರಿ. ಏಳು ದಿನ, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆದು ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಮುಟ್ಟಿದರೆ ರಕ್ತದೊತ್ತಡ ಇದೆ ಎಂದೇ ತಿಳಿಯಬೇಕು. ಕಡಿಮೆ ಇದ್ದರೂ ಆ ಚೀಟಿಯನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕ್ಯಾಂಟೀನಿನಲ್ಲಿ ವಡೆ, ಬೋಂಡ ನಿಲ್ಲಿಸಿಬಿಡಬೇಕೇ?

ಉತ್ತರ: ಬೇಡ, ಜನ ಗೇಟಿನ ಹೊರಗೆ ಹೋಗಿ ತಿನ್ನುತ್ತಾರೆ. ಚಹಾಕ್ಕೆ ಸಕ್ಕರೆ ಬೇರೆ ಇಡಿಸಿ. ಎರಡು ಚಮಚದ ನಾಲ್ಕು ಲೋಟ ಕುಡಿದರೆ ದಿನಕ್ಕೆ ಮೂವತ್ತು ಗ್ರಾಂ ಮೀರುತ್ತದೆ. ಮೇಜಿನ ಮೇಲಿನ ಉಪ್ಪು, ಉಪ್ಪಿನಕಾಯಿ ತೆಗೆಯಿಸಿ, ಕೇಳಿದವರಿಗೆ ಕೊಡಲಿ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಸಭೆಗಳಿಗೆ ಬಿಸ್ಕತ್ತಿನ ಬದಲು ಹೆಸರುಕಾಳಿನ ಉಸಲಿ, ಬಾಳೆಹಣ್ಣು ತರಿಸಲು ಕುಲಸಚಿವರಿಂದ ಒಂದು ಸುತ್ತೋಲೆ ಸಾಕು.