1.1 ಐ10ಕ್ಕೆ ಇರುವುದು ಬೆಲ್ಟ್, ಚೈನ್ ಅಲ್ಲ

ಪುಣೆಯಲ್ಲಿ ಹಳೆಯ 1.1 ಲೀಟರ್ ಎಂಜಿನ್‌ನ ಹ್ಯುಂಡೈ ಐ10 ಕಾರು ಕೊಂಡಿದ್ದೀರಿ. ಅದರಲ್ಲಿ ಟೈಮಿಂಗ್ ಚೈನ್ (ಎಂಜಿನ್ನಿನ ಕವಾಟಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಸರಪಳಿ) ಇದೆ, ಬದಲಿಸುವ ಚಿಂತೆಯೇ ಇಲ್ಲ ಎಂದು ಮಾರಿದವರು ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಚೈನ್ ಇರುವುದು ಐ10ನಲ್ಲೇ ಬರುವ ಇನ್ನೊಂದು ಎಂಜಿನ್, 1.2 ಲೀಟರ್ ಕಪ್ಪಾಕ್ಕೆ; ನಿಮ್ಮ 1.1ಕ್ಕೆ ಇರುವುದು ಅದೇ ಕೆಲಸ ಮಾಡುವ ರಬ್ಬರ್ ಬೆಲ್ಟ್.

ಗಾಡಿ ಕಡಿಮೆ ಓಡಿದೆ ಎಂದು ದಯವಿಟ್ಟು ಸುಮ್ಮನಿರಬೇಡಿ. ರಬ್ಬರ್ ನಿಂತಲ್ಲೇ ಹಳತಾಗುತ್ತದೆ. ಮೆಕ್ಯಾನಿಕ್‌ಗೆ ಹೇಳಿ ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿಸಿ, ನೀವೇ ಟಾರ್ಚ್ ಹಿಡಿದು ನೋಡಿ: ಬೆಲ್ಟಿನ ಬೆನ್ನಿನ ಮೇಲೆ ಕೂದಲೆಳೆಯ ಬಿರುಕು, ಅಂಚಿನಲ್ಲಿ ಬಿಚ್ಚಿಕೊಂಡ ನೂಲು, ಎಣ್ಣೆಯ ಪಸೆ. ಏನೂ ಕಾಣದಿದ್ದರೂ, ಹಿಂದೆ ಬದಲಿಸಿದ ಬಿಲ್ ಇಲ್ಲದಿದ್ದರೆ ನನ್ನ ಮಟ್ಟಿಗೆ ಅದು ಬದಲಿಸಬೇಕಾದ ಬೆಲ್ಟೇ. ಜೊತೆಗೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರ್, ಅದನ್ನು ದಾರಿಯಲ್ಲಿಡುವ ಐಡ್ಲರ್ ಬೇರಿಂಗ್‌ಗಳನ್ನೂ ಹೊಸದು ಹಾಕಿಸಿ. ಅವುಗಳಲ್ಲಿ ಉಳಿತಾಯ ಮಾಡಲು ಹೋಗಬೇಡಿ, ಬೇರಿಂಗ್ ತಿರುಗದೆ ಹಿಡಿದುಕೊಂಡರೂ ಹೊಸ ಬೆಲ್ಟ್ ಹಾಳಾಗುತ್ತದೆ.

ಬೆಲ್ಟ್ ಮುನ್ಸೂಚನೆ ಇಲ್ಲದೆಯೇ ತುಂಡಾಗಬಹುದು. ತುಂಡಾದರೆ ಎಂಜಿನ್ ನಿಲ್ಲುತ್ತದೆ. ಮುಂಬಯಿ ದಾರಿಯ ಬೋರ್ ಘಾಟ್ ಇಳಿಯುವಾಗ ಹೀಗೆ ನಿಂತರೆ ಸ್ಟಿಯರಿಂಗ್ ಬಿಗಿಯಾಗುತ್ತದೆ, ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ಕುಟುಂಬದವರನ್ನು ಕೂರಿಸಿಕೊಂಡು ಮುಂಬಯಿಗೆ ಹೊರಡುವ ಮೊದಲೇ ಈ ಕೆಲಸ ಮುಗಿಸಿ.

ನಿಮ್ಮ ತಮ್ಮನ ಸ್ವಿಫ್ಟ್‌ನಲ್ಲಿ ಚೈನ್ ಇದೆ, ಹೌದು. ಆದರೆ ಅದು ಎಂಜಿನ್ ಆಯಿಲ್‌ನಲ್ಲೇ ಓಡುತ್ತದೆ, ಅದರ ಟೆನ್ಶನರ್ ಬಿಗಿ ಹಿಡಿಯುವುದೂ ಆಯಿಲ್ ಒತ್ತಡದಿಂದಲೇ. ಆಯಿಲ್ ಬದಲಾವಣೆ ತಪ್ಪಿಸಿದರೆ ಚೈನ್ ಸವೆದು ಉದ್ದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಗಲಗಲ ಸದ್ದು ಬಂದರೆ ತಕ್ಷಣ ತೋರಿಸಲು ಹೇಳಿ.