ಕೂಡ್ಸಿ ಆರರಿಂದ ಭಾಗಿಸಿದ್ರೆ 8, ಮಾರ್ಕ್ಸ್ ಕಾರ್ಡಲ್ಲಿ ಯಾಕೆ 7.72?

ಪ್ರಶ್ನೆ: ಮೇಡಂ, ನಮ್ಮದು ಹೊಸನಗರ ತಾಲೂಕು, ಅಡಿಕೆ ತೋಟ ಇದೆ. ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಲ್ಲಿದ್ದು ಬಿಎಸ್ಸಿ ಓದ್ತಿದಾಳೆ. ಮೂರನೇ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಬಂತು. ಗ್ರೇಡ್ ಪಾಯಿಂಟ್ ಫಿಸಿಕ್ಸ್ 7, ಫಿಸಿಕ್ಸ್ ಲ್ಯಾಬ್ 9, ಮ್ಯಾತ್ಸ್ 6, ಮ್ಯಾತ್ಸ್ ಲ್ಯಾಬ್ 9, ಇಂಗ್ಲಿಷ್ 8, ಕನ್ನಡ 9. ಕೂಡ್ಸಿ ಆರರಿಂದ ಭಾಗಿಸಿದ್ರೆ ಸರಿಯಾಗಿ 8 ಬರುತ್ತೆ, ಕಾರ್ಡಲ್ಲಿ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) 7.72 ಅಂತಿದೆ. ಏನಾದ್ರೂ ಮುಚ್ಚಿಡ್ತಿದೀಯಾ ಅಂತ ಫೋನಲ್ಲಿ ಬೈದುಬಿಟ್ಟೆ, ಎರಡು ದಿನದಿಂದ ಅವಳು ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಯುನಿವರ್ಸಿಟಿಯವರದ್ದೇ ತಪ್ಪಾ? ಸ್ಕಾಲರ್‌ಶಿಪ್ ಅರ್ಜೀಲಿ ಪರ್ಸೆಂಟೇಜ್ ಬೇರೆ ಕೇಳಿದಾರೆ, ಪಕ್ಕದ್ಮನೆ ಹುಡುಗ 9.5ರಿಂದ ಗುಣಿಸಿ ಅಂತಾನೆ, ಹೌದಾ?

ಉತ್ತರ: ಮೊದಲು ಮಗಳಿಗೆ ಫೋನ್ ಮಾಡಿ ಮಾರಾಯ್ರೇ, ಅವಳು ಏನೂ ಮುಚ್ಚಿಟ್ಟಿಲ್ಲ, ಯುನಿವರ್ಸಿಟಿಯವರೂ ತಪ್ಪು ಮಾಡಿಲ್ಲ. 7.72 ಸರಿ ಇದೆ.

ನೀವು ಅಡಿಕೆಯವರು, ಈ ಲೆಕ್ಕ ವರ್ಷಾ ವರ್ಷಾ ಮಂಡೀಲಿ ಮಾಡ್ತಾನೇ ಇದೀರಿ. ಅಡಿಕೇಲಿ ರಾಶಿ, ಸರಕು ಅಂತ ಬೇರೆ ಬೇರೆ ದರ್ಜೆ ಇರುತ್ತಲ್ಲ, ಹತ್ತು ಕ್ವಿಂಟಾಲ್ ರಾಶಿ, ಒಂದೇ ಒಂದು ಕ್ವಿಂಟಾಲ್ ಸರಕು ಹಾಕಿದ್ರಿ ಅಂತಿಟ್ಕೊಳ್ಳಿ, ಲೆಕ್ಕಕ್ಕೆ ರಾಶಿಗೆ 50,000, ಸರಕಿಗೆ 80,000 ರೇಟು ಹಿಡಿಯೋಣ. ಎರಡು ರೇಟು ಕೂಡ್ಸಿ ಅರ್ಧ ಮಾಡಿ ನನಗೆ ಕ್ವಿಂಟಾಲಿಗೆ 65,000 ಸಿಕ್ತು ಅಂತ ನೀವು ಹೇಳಲ್ಲ, ಯಾಕಂದ್ರೆ ಕೈಗೆ ಬಂದಿದ್ದು 5,80,000, ಹನ್ನೊಂದರಿಂದ ಭಾಗಿಸಿದ್ರೆ 52,727 ಅಷ್ಟೆ. ರಾಶಿ ಜಾಸ್ತಿ ಇತ್ತು, ಅದು ತನ್ನ ಕಡೆ ಎಳೀತು.

ಮಾರ್ಕ್ಸ್ ಕಾರ್ಡಲ್ಲಿ ಗ್ರೇಡ್ ಪಾಯಿಂಟ್ ಅನ್ನೋದು ರೇಟು, ಅದರ ಪಕ್ಕದಲ್ಲೇ ಸಣ್ಣದಾಗಿ ಕ್ರೆಡಿಟ್ ಅಂತ ಒಂದು ಕಾಲಂ ಇರುತ್ತಲ್ಲ, ಅದು ತೂಕ. ನೀವು ಕಳಿಸಿರೋ ಫೋಟೋ ದೊಡ್ಡದು ಮಾಡಿ ನೋಡ್ದೆ, ಫಿಸಿಕ್ಸ್ ಮತ್ತೆ ಮ್ಯಾತ್ಸಿಗೆ ನಾಲ್ಕು ನಾಲ್ಕು ಕ್ರೆಡಿಟ್, ಎರಡು ಲ್ಯಾಬಿಗೆ ಎರಡೆರಡು, ಇಂಗ್ಲಿಷ್ ಕನ್ನಡಕ್ಕೆ ಮೂರು ಮೂರು. ಒಂದೊಂದಾಗಿ ಗುಣಿಸ್ತಾ ಹೋಗಿ. ಫಿಸಿಕ್ಸ್ 28, ಲ್ಯಾಬ್ 18, ಮ್ಯಾತ್ಸ್ 24, ಲ್ಯಾಬ್ 18, ಇಂಗ್ಲಿಷ್ 24, ಕನ್ನಡ 27. ಒಟ್ಟು 139. ಭಾಗಿಸಬೇಕಾಗಿದ್ದು ಆರರಿಂದ ಅಲ್ಲ, ಒಟ್ಟು ಕ್ರೆಡಿಟ್ 18ರಿಂದ. 7.72 ಬಂತಲ್ಲ.

ಈಗ ಅವಳಿಗೆ ನಿಜವಾಗ್ಲೂ ಉಪಯೋಗ ಆಗೋ ವಿಷಯ ಹೇಳ್ತೀನಿ. ಮ್ಯಾತ್ಸಲ್ಲಿ 6 ಇರೋದು 7 ಆಗಿದ್ರೆ ಎಸ್‌ಜಿಪಿಎ 7.94 ಆಗ್ತಿತ್ತು, ಅದೇ ಒಂದು ಪಾಯಿಂಟ್ ಲ್ಯಾಬಲ್ಲಿ ಜಾಸ್ತಿ ಬಂದಿದ್ರೆ 7.83ಕ್ಕೇ ನಿಲ್ತಿತ್ತು. ಅಪ್ಪಿತಪ್ಪಿ ಮ್ಯಾತ್ಸ್ ಫೇಲಾಗಿದ್ರೆ ಅದರ ಪಾಯಿಂಟ್ ಸೊನ್ನೆ, ಆದ್ರೆ ನಾಲ್ಕು ಕ್ರೆಡಿಟ್ ಕೆಳಗೆ ಹಾಗೇ ಕೂತಿರುತ್ತೆ, 115ನ್ನ 18ರಿಂದ ಭಾಗಿಸಿ, 6.39. ನಮ್ಮ ಮಕ್ಕಳು ಲ್ಯಾಬ್ ರೆಕಾರ್ಡ್ ಬರಿಯೋದ್ರಲ್ಲೇ ರಾತ್ರಿಯೆಲ್ಲಾ ಕಳೆದು ನಾಲ್ಕು ಕ್ರೆಡಿಟ್ ಪೇಪರನ್ನ ಕೊನೇ ವಾರಕ್ಕೆ ಬಿಡೋದು ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಲ್ಯಾಬಲ್ಲಿ 9 ತಗೊಂಡಿದಾಳೆ ಅಂದ್ರೆ ಹುಡುಗಿ ಶ್ರದ್ಧೆಯವಳೇ, ಮ್ಯಾತ್ಸಿಗೆ ಯಾರಾದ್ರೂ ಸ್ವಲ್ಪ ಕೂತು ಹೇಳ್ಕೊಡ್ಬೇಕು ಅಷ್ಟೆ.

ಸಿಜಿಪಿಎ ಅಂದ್ರೆ ಇದೇ ಲೆಕ್ಕ ಎಲ್ಲಾ ಸೆಮಿಸ್ಟರ್ ಸೇರಿಸಿ. ಮೊದಲನೇದ್ರಲ್ಲಿ 26 ಕ್ರೆಡಿಟಿಗೆ ಎಸ್‌ಜಿಪಿಎ 7.00, ಎರಡನೇದ್ರಲ್ಲಿ 26ಕ್ಕೆ 7.50 ಅಂತ ಫೋಟೋ ಜೊತೆ ಬರೆದಿದೀರಿ, ಅಂದ್ರೆ 182, 195, ಈಗಿನ 139, ಒಟ್ಟು 516ನ್ನ 70ರಿಂದ ಭಾಗಿಸಿದ್ರೆ 7.37. ಮೂರು ಎಸ್‌ಜಿಪಿಎ ಸುಮ್ನೆ ಕೂಡ್ಸಿ ಮೂರರಿಂದ ಭಾಗಿಸಿದ್ರೆ 7.41 ಬರುತ್ತೆ, ವ್ಯತ್ಯಾಸ ಸಣ್ಣದೇ, ಆದ್ರೆ ಕಟ್‌ಆಫ್ 7.4 ಇರೋ ಕಡೆ ಅಷ್ಟೇ ಸಾಕು ಅರ್ಜಿ ತಿರಸ್ಕಾರ ಆಗೋಕೆ.

ಪರ್ಸೆಂಟೇಜ್ ವಿಷಯಕ್ಕೆ ಬಂದ್ರೆ, ಪಕ್ಕದ್ಮನೆ ಹುಡುಗ ಹೇಳಿದ 9.5 ಹಿಂದೆ ಸಿಬಿಎಸ್‌ಇ ಹತ್ತನೇ ಕ್ಲಾಸಲ್ಲಿ ಇದ್ದಿದ್ದು, ಡಿಗ್ರಿಗೆ ಅದನ್ನ ತಂದು ಅಂಟಿಸೋ ಹಾಗಿಲ್ಲ. ಇಂಜಿನಿಯರಿಂಗ್ ಯುನಿವರ್ಸಿಟಿ ವಿಟಿಯು ಹಿಂದಿನ ಸ್ಕೀಮಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸ್ತಿದ್ರು. ಇನ್ನು ಕೆಲವು ಕಡೆ ನೇರವಾಗಿ 10ರಿಂದ. ನಿಮ್ಮ ಮಗಳ 7.37ಕ್ಕೆ ಈ ಮೂರು ದಾರೀಲಿ 70, 66.2, 73.7 ಅಂತ ಮೂರು ಬೇರೆ ಬೇರೆ ಪರ್ಸೆಂಟೇಜ್ ಬರುತ್ತೆ, ಅಂದಾಜಲ್ಲಿ ಒಂದು ಬರೆದ್ರೆ ಆಮೇಲೆ ವೆರಿಫಿಕೇಶನಲ್ಲಿ ಸಿಕ್ಕಾಕೊಳ್ಳೋದು ಮಗು. ಮಾರ್ಕ್ಸ್ ಕಾರ್ಡ್ ಹಿಂದುಗಡೆ ಸೂತ್ರ ಪ್ರಿಂಟ್ ಆಗಿದ್ಯಾ ನೋಡಿ, ಇಲ್ಲಾಂದ್ರೆ ಕಾಲೇಜ್ ಆಫೀಸಲ್ಲಿ ಕೇಳಿ ಬರವಣಿಗೇಲಿ ತಗೊಳ್ಳಿ, ಅದನ್ನೇ ಅರ್ಜಿಗೆ ಲಗತ್ತಿಸಿ.

ಪ್ರಶ್ನೆ: ಮೇಡಂ, ಲ್ಯಾಬಲ್ಲಿ ವಾರಕ್ಕೆ ನಾಲ್ಕು ಗಂಟೆ ನಿಂತ್ಕೊಂಡು ಕೆಲಸ ಮಾಡ್ತೀವಿ, ಆದ್ರೂ ಎರಡೇ ಕ್ರೆಡಿಟ್ ಯಾಕೆ? — ಸಾಗರದ ವಿದ್ಯಾರ್ಥಿನಿ

ಉತ್ತರ: ಯುನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿ ಲೆಕ್ಕದಲ್ಲಿ ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠ ಅಂದ್ರೆ ಒಂದು ಕ್ರೆಡಿಟ್, ಲ್ಯಾಬಿಗಾದ್ರೆ ಎರಡು ಗಂಟೆಗೆ ಒಂದು ಕ್ರೆಡಿಟ್ ಕಣಮ್ಮ. ಪಾಠದ ಒಂದು ಗಂಟೆ ಹಿಂದೆ ಮನೇಲಿ ಓದೋದೂ ಇರುತ್ತೆ, ಲ್ಯಾಬಿನ ಕೆಲಸ ಹೆಚ್ಚುಕಮ್ಮಿ ಲ್ಯಾಬಲ್ಲೇ ಮುಗಿಯುತ್ತೆ ಅನ್ನೋ ಲೆಕ್ಕಾಚಾರ. ರೆಕಾರ್ಡ್ ಬರಿಯೋ ರಾತ್ರಿಗಳನ್ನ ಅದರಲ್ಲಿ ಯಾರೂ ಹಿಡಿದಿಲ್ಲ ಅನ್ನೋದು ನಿಜ, ಅದನ್ನ ನಾನೂ ಒಪ್ತೀನಿ.