ಡೊಂಬಿವಲಿಯಿಂದ (ಮುಂಬೈ ಹತ್ತಿರ) ಒಬ್ಬರ ಪ್ರಶ್ನೆ: ಕಟ್ಟೆಯಿಂದ ಬಿದ್ದ ನಮ್ಮ ಮೊಲ ಜೊಲ್ಲು ಸುರಿಸುತ್ತಿದೆ, ತಿನ್ನುತ್ತಿಲ್ಲ. ದವಡೆ ಮುರಿದಿರಬಹುದೇ?

ಇರಬಹುದು. ಮೇಲಿನ, ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದಿದ್ದರೆ ಅನುಮಾನ ಗಟ್ಟಿ. ಮೂಗಲ್ಲಿ ರಕ್ತ, ಓರೆಯಾದ ತಲೆ, ಕಣ್ಣಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ ಕಂಡರೆ ತಲೆಬುರುಡೆಗೂ ಪೆಟ್ಟಾಗಿರಬಹುದು. ನೀವೇ ಬಾಯಿ ಬಿಡಿಸಿ ನೋಡಬೇಡಿ. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು ಇವತ್ತೇ ಮೊಲಗಳನ್ನು ನೋಡುವ ವೈದ್ಯರಲ್ಲಿಗೆ ಹೊರಡಿ (ಲೋಕಲ್ ರೈಲಿನ ನೂಕುನುಗ್ಗಲು ಬೇಡ, ರಿಕ್ಷಾ ಹಿಡಿಯಿರಿ).

ಎಕ್ಸ್‌ರೇಯಲ್ಲಿ ಹಲ್ಲು, ಮೂಳೆಗಳ ನೆರಳು ಒಂದರ ಮೇಲೊಂದು ಬೀಳುತ್ತದೆ. ಸಣ್ಣ ಬಿರುಕಿಗೆ ಸಿ.ಟಿ. ಸ್ಕ್ಯಾನೇ ಸರಿ. ಜರುಗಿದ ಮುರಿತಕ್ಕೆ ತಂತಿ ಬಿಗಿಯುತ್ತಾರೆ. ಜರುಗದಿದ್ದರೆ ನೋವಿನ ಔಷಧಿ, ಮೆತ್ತನೆಯ ಆಹಾರ ಸಾಕಾಗಬಹುದು.

ನನಗೆ ಹೆಚ್ಚು ಭಯ ಹೊಟ್ಟೆಯದ್ದು. ಅರ್ಧ ದಿನ ತಿನ್ನದಿದ್ದರೂ ಮೊಲದ ಕರುಳಿನ ಚಲನೆ ನಿಲ್ಲಬಹುದು. ಹಾಗಾಗಿ ಮೂಗಿನ ನಳಿಕೆಯಿಂದಾದರೂ ಆಹಾರ ಕೊಡಿಸಬೇಕಾಗುತ್ತದೆ. ಮನೆಯಲ್ಲಿರುವ ಅಮಾಕ್ಸಿಸಿಲಿನ್ (ಆ್ಯಂಟಿಬಯೋಟಿಕ್) ಯಾವ ಕಾರಣಕ್ಕೂ ಕುಡಿಸಬೇಡಿ, ಪ್ರಾಣವೇ ಹೋಗಬಹುದು.